ಡಿವೋರ್ಸ್ ಆದ ಮೇಲೆ ಗಂಡನ ಆಫೀಸಿನ ಇನ್ಶೂರೆನ್ಸ್‌ನಲ್ಲಿ ನಾನು ಇರಬಹುದಾ?

ಸ್ಲೋ ಲೋಕಲ್, ಡೊಂಬಿವಲಿ:
ನನಗೆ 43 ವರ್ಷ. 11 ವರ್ಷದಿಂದ ಇವರ ಆಫೀಸಿನ 5 ಲಕ್ಷದ ಗ್ರೂಪ್ ಪಾಲಿಸಿಯಲ್ಲಿದ್ದೇನೆ. ಇಬ್ಬರೂ ಒಪ್ಪಿಯೇ ಬೇರೆಯಾಗುತ್ತಿದ್ದೇವೆ, ಮುಂದಿನ ತಿಂಗಳು ಕೋರ್ಟಿನಲ್ಲಿ ಕೊನೆಯ ತಾರೀಖು. ನಿನ್ನೆ ಪರ್ಸ್ ಖಾಲಿ ಮಾಡುವಾಗ ಇನ್ಶೂರೆನ್ಸ್ ಕಾರ್ಡ್ ಸಿಕ್ಕಿತು. ನನ್ನ ಹೆಸರಿನ ಕೆಳಗೆ ‘ಸ್ಪೌಸ್’ ಅಂತಿದೆ. ಆ ಪದ ಹೋದರೆ ಕಾರ್ಡೂ ಹೋಯ್ತಾ? ನನಗೆ ಶುಗರ್ ಇದೆ. ಹೇಗೂ ವರ್ಷದ ಪ್ರೀಮಿಯಂ ಕಟ್ಟಿಯಾಗಿದೆ, ಸುಮ್ನೆ ಯಾರಿಗೂ ಹೇಳದೆ ಇದ್ದುಬಿಡಲಾ? ಮಗಳ ಕಥೆ ಏನು?

ಮಾಟುಂಗಾ ಏಜೆಂಟ್ ಮಾಮ:
ಹಾಗೆ ಮಾಡಬೇಡಮ್ಮಾ. ಡಿಕ್ರಿ, ಅಂದರೆ ಕೋರ್ಟಿನ ಡಿವೋರ್ಸ್ ಆದೇಶ, ಬಂದ ದಿನದಿಂದ ನೀನು ಹೆಂಡತಿ ಅಲ್ಲ, ಕ್ಲೇಮ್ ಹೊತ್ತಿನಲ್ಲಿ ಗೊತ್ತಾದರೆ ದುಡ್ಡು ಸಿಗಲ್ಲ. ಮಗಳಿಗೆ ಚಿಂತೆಯಿಲ್ಲ, ಅಪ್ಪನ ಪಾಲಿಸಿಯಲ್ಲಿ ಅವಳು ಮಗಳೇ.

ನೀನು ಮಾಡಬೇಕಾದ್ದು ಮೈಗ್ರೇಶನ್. ಹೆಸರು ತೆಗೆಯುವ ಮುಂಚೆಯೇ ಅದೇ ಇನ್ಶೂರೆನ್ಸ್ ಕಂಪನಿಯ ಸ್ವಂತ ಪಾಲಿಸಿಗೆ ಅರ್ಜಿ ಹಾಕು. ಹಳೇ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ 3 ವರ್ಷದವರೆಗೂ ಕಾಯಿಸಬಹುದು. ನಿನ್ನ 11 ವರ್ಷ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ, ಆದರೆ ಹಳೇ 5 ಲಕ್ಷದ ಮಟ್ಟಿಗೆ ಮಾತ್ರ. 10 ಲಕ್ಷ ತಗೊಂಡರೆ ಮೇಲಿನ 5ಕ್ಕೆ ಕಾಯಲೇಬೇಕು. ಅವರು ಮೆಡಿಕಲ್ ಟೆಸ್ಟ್ ಕೇಳಬಹುದು, ಪ್ರೀಮಿಯಂ ಜಾಸ್ತಿ ಹೇಳಬಹುದು. ಆದರೂ ಶುಗರ್ ಮುಚ್ಚಿಡಬೇಡ. ಒಂದು ಲಾಭ, 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಮೊದಲು ಶೇ. 18 ಇತ್ತು.

ಕೋಥ್ರೂಡ್ ಕಾಫಿ, ಪುಣೆ:
ಅಕ್ಕಾ, ನಾನು ತಡ ಮಾಡಿ ಕೆಟ್ಟೆ. ಮಾರ್ಚಿನಲ್ಲಿ ಡಿಕ್ರಿ ಬಂತು. ಸಾಮಾನು ಸಾಗಿಸುವುದು, ಹೊಸ ಮನೆ ಡಿಪಾಜಿಟ್, ಅಮ್ಮನ ಅಳು, ಇದರಲ್ಲೇ ಜೂನ್ ಬಂತು. ಅಷ್ಟರಲ್ಲಿ ಹೆಸರು ತೆಗೆದಾಗಿತ್ತು. ಹೊಸದಾಗಿ ಪಾಲಿಸಿ ಮಾಡಿಸಿದೆ. ನಾಲ್ಕೇ ತಿಂಗಳಿಗೆ ಪಿತ್ತಕೋಶದಲ್ಲಿ ಕಲ್ಲು! ಅದಕ್ಕೆ 2 ವರ್ಷ ಕಾಯಬೇಕು ಅಂತ ಪಾಲಿಸಿಯಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ಬಳೆ ಅಡ ಇಟ್ಟು ಆಪರೇಶನ್ ಮಾಡಿಸಿಕೊಂಡೆ.

ಇನ್ನೊಂದು. ನಿಮ್ಮ ಪ್ರೀಮಿಯಂ ಗಂಡನೇ ಕಟ್ಟುವುದಾದರೆ ಬಾಯಿಮಾತು ನಂಬಬೇಡಿ, ಇಬ್ಬರೂ ಒಪ್ಪಿ ಕೋರ್ಟಿಗೆ ಬರೆದುಕೊಡುವ ಕನ್ಸೆಂಟ್ ಟರ್ಮ್ಸ್‌ನಲ್ಲಿ ಬರೆಸಿ. ಎಷ್ಟು ವರ್ಷ, ಯಾವ ತಾರೀಖಿನೊಳಗೆ, ಎಲ್ಲಾ. ವಕೀಲರು ಫ್ಲ್ಯಾಟ್, ಚಿನ್ನ ಎಲ್ಲಾ ಕೇಳುತ್ತಾರೆ, ಇದನ್ನು ಕೇಳೋದೇ ಇಲ್ಲ.

ಸ್ಲೋ ಲೋಕಲ್:
ಇಬ್ಬರಿಗೂ ಥ್ಯಾಂಕ್ಸ್. ವಕೀಲರಿಗೆ ಆ ಸಾಲು ಸೇರಿಸಲು ಹೇಳಿದೆ. ಪಾಲಿಸಿ ನಂಬರ್ ಬೇಕು ಅಂತ ಇವರಿಗೆ ವಾಟ್ಸಾಪ್ ಮಾಡಿದೆ, ಐದೇ ನಿಮಿಷಕ್ಕೆ ಕಳಿಸಿದರು. ಕೆಳಗೆ ‘ಶುಗರ್ ಈಗ ಎಷ್ಟಿದೆ?’ ಅಂತ ಕೇಳಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ.