ಸಹಾಯ ಬೇಕು: ಮನೆಯಲ್ಲೇ ನೇಯ್ದ ಉಣ್ಣೆ ಬಟ್ಟೆ ತುಳಿಯುವಾಗ ಸಮನಾಗಿ ಕುಗ್ಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹಿಂದೆ ಹಳ್ಳಿಯ ಮನೆಗಳಲ್ಲಿ ಉಣ್ಣೆ ಕತ್ತರಿಸುವುದರಿಂದ ಹಿಡಿದು ನೇಯ್ದ ಬಟ್ಟೆಯನ್ನು ತುಳಿದು ದಪ್ಪಗೊಳಿಸುವವರೆಗೆ ಎಲ್ಲವನ್ನೂ ಮನೆಮಂದಿಯೇ ಮಾಡುತ್ತಿದ್ದ ಕ್ರಮವನ್ನು ಒಂದು ವರ್ಷದಿಂದ ಶ್ರದ್ಧೆಯಿಂದ ಕಲಿಯುತ್ತಿದ್ದೇನೆ. ತೊಳೆಯುವುದು, ಹಿಂಜುವುದು, ತಕಲಿಯಲ್ಲಿ ನೂಲುವುದು ಕೈಗೆ ಹತ್ತಿವೆ; ನೇಯ್ಗೆಯೂ ತಕ್ಕಮಟ್ಟಿಗೆ ಬಂದಿದೆ. ತೊಡಕಿರುವುದು ಕೊನೆಯ ಹಂತದಲ್ಲಿ.

ಬಿಸಿ ಸಾಬೂನು ನೀರಿನಲ್ಲಿ ತುಳಿದಾಗ ಉಣ್ಣೆಯ ಎಳೆಗಳ ಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಬಿಗಿಯಾಗುತ್ತದೆ, ಹಾಗೆ ಬಿಗಿದದ್ದು ಮತ್ತೆ ಸಡಿಲವಾಗುವುದಿಲ್ಲ ಎಂಬುದನ್ನು ತಿಳಿದೇ ಎಚ್ಚರಿಕೆಯಿಂದ ಮಾಡಿದರೂ, 90 ಸೆಂಟಿಮೀಟರ್ ಅಗಲವಿದ್ದ ತುಂಡು ಒಂದು ತುದಿಯಲ್ಲಿ 72ಕ್ಕೆ ಇಳಿದು ಇನ್ನೊಂದು ತುದಿಯಲ್ಲಿ 81ರಲ್ಲೇ ನಿಂತಿದೆ. ಬಿಗಿದ ಕಡೆ ನೇಯ್ಗೆಯೇ ಕಾಣದು. ಸಡಿಲವಾದ ಕಡೆ ಬೆಳಕಿಗೆ ಹಿಡಿದರೆ ಹಾಸು ಹೊಕ್ಕುಗಳನ್ನು ಒಂದೊಂದಾಗಿ ಎಣಿಸಬಹುದು. ಹುರಿ ಹೆಚ್ಚಾದ ನೂಲು ಕಡಿಮೆ ಕುಗ್ಗುವುದರಿಂದ, ಆ ಭಾಗದ ಹೊಕ್ಕಿನ ನೂಲೇ ಕಾರಣವಿರಬೇಕೆಂಬುದು ನನ್ನ ಅನುಮಾನ. ಉಣ್ಣೆಯಲ್ಲಿ ಜಿಡ್ಡು ಉಳಿದಿರುವ ಸಾಧ್ಯತೆಯೂ ಇದೆ.

ಸಡಿಲವಾದ ಭಾಗವನ್ನಷ್ಟೇ ಮತ್ತೆ ತುಳಿದು ಸರಿಪಡಿಸಬಹುದೇ? ತುಳಿಯುವಾಗ ಬಟ್ಟೆಯನ್ನು ಎಷ್ಟು ಹೊತ್ತಿಗೊಮ್ಮೆ ಬಿಡಿಸಿ, ಮಡಿಕೆ ಬದಲಿಸಬೇಕು? ಈ ಕೆಲಸವನ್ನು ಕೈಯಾರೆ ಮಾಡಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ. ತಿಂಗಳುಗಟ್ಟಲೆ ನೂತ ನೂಲು ಇದಾದ್ದರಿಂದ, ನಿಮ್ಮ ಉತ್ತರ ಬರುವವರೆಗೆ ತುಂಡನ್ನು ಮತ್ತೆ ನೀರಿಗೆ ಹಾಕುವುದಿಲ್ಲ.