ಮಾದರಿ ರೈಲಿನ ರಿಮೋಟ್: ‘ಮರುಸ್ಥಾಪಿಸು’ ಎಂದರೆ ವಾಪಸ್ ಹಾಕುವುದೇ, ಅಳಿಸುವುದೇ?

ಪ್ರಶ್ನೆ:

ಮಾದರಿ ರೈಲಿನ ಡಿಸಿಸಿ (ಹಳಿಯ ಮೂಲಕ ಡಿಜಿಟಲ್ ಸಂಕೇತ ಕಳಿಸಿ ಎಂಜಿನ್ ಓಡಿಸುವ) ವ್ಯವಸ್ಥೆಗೆ ಕನ್ನಡದಲ್ಲಿ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಕರಡಿನಲ್ಲಿ ಮೂರು ಕಡೆ ತೊಡಕಿದೆ. ಕೈಯಲ್ಲಿ ಹಿಡಿಯುವ ರಿಮೋಟ್, ಹಳಿಗೆ ಸಂಕೇತ ಕಳಿಸುವ ಕಮಾಂಡ್ ಸ್ಟೇಷನ್, ಎಂಜಿನ್ನಿನ ಹೊಟ್ಟೆಯೊಳಗಿನ ಡಿಕೋಡರ್, ಈ ಮೂರಕ್ಕೂ ‘ನಿಯಂತ್ರಕ’ ಎಂದೇ ಬರೆಯಲಾಗಿದೆ. ‘ರಿಸ್ಟೋರ್’ ಮತ್ತು ‘ರಿಸೆಟ್’ ಎರಡಕ್ಕೂ ‘ಮರುಸ್ಥಾಪಿಸಿ’ ಎಂದಿದೆ. ಇನ್ನು ‘ಹಳೆಯ ಬ್ಯಾಕಪ್ ತೆಗೆಯಿರಿ’ ಎಂಬ ವಾಕ್ಯವನ್ನು ಒಬ್ಬರು ‘ತೆಗೆದುಕೊಳ್ಳಿ’ ಎಂದು ಓದಿದರೆ ಇನ್ನೊಬ್ಬರು ‘ತೆಗೆದುಹಾಕಿ’ ಎಂದು ಓದುತ್ತಾರೆ. ಯಾವ ಪದಗಳನ್ನು ಇಟ್ಟುಕೊಳ್ಳಬಹುದು? ಅಚ್ಚಗನ್ನಡವೇ ಆಗಬೇಕೆಂಬ ಹಟವಿಲ್ಲ. ಓದಿದವರು ತಪ್ಪು ಗುಂಡಿ ಒತ್ತಬಾರದು, ಅಷ್ಟೆ.

ಉತ್ತರ 1:

ಮೊದಲು ‘ಮರುಸ್ಥಾಪಿಸು’ವನ್ನು ಕೈಬಿಡಿ. ‘ಮರು’ ಎಂಬುದಕ್ಕೆ ಕನ್ನಡದಲ್ಲಿ ಎರಡು ದಿಕ್ಕಿದೆ. ಮರುಮುದ್ರಣ, ಮರುಪರೀಕ್ಷೆಗಳಲ್ಲಿ ಅದು ‘ಇನ್ನೊಮ್ಮೆ’, ಮರುಟಪಾಲಿನಲ್ಲಿ ‘ಹಿಂದಕ್ಕೆ’. ಅದರ ಮೇಲೆ ‘ಸ್ಥಾಪಿಸು’ ಎಂಬುದು ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡುವುದಕ್ಕೂ ಬಳಕೆಯಲ್ಲಿದೆ. ಹಾಗಾಗಿ ಒಂದೇ ಪದ ಮೂರು ಅರ್ಥ ಕೊಡುತ್ತದೆ, ಅವುಗಳಲ್ಲಿ ಒಂದು ಎಂಜಿನ್ನಿನ ಹೊಂದಾಣಿಕೆಗಳನ್ನೆಲ್ಲ ಅಳಿಸುವಂಥದ್ದು. ಇಎಸ್‌ಯು, ಝಿಮೋ ಕಂಪನಿಗಳ ಡಿಕೋಡರ್‌ಗಳಲ್ಲಿ ಸಿವಿ 8ಕ್ಕೆ (ಸಿವಿ ಎಂದರೆ ಡಿಕೋಡರಿನೊಳಗೆ 0ರಿಂದ 255ರ ವರೆಗಿನ ಸಂಖ್ಯೆ ಹಿಡಿಯುವ ಖಾನೆ) 8 ಎಂದು ಬರೆದರೆ ರಿಸೆಟ್ ಆಗುತ್ತದೆ; ಎನ್‌ಸಿಇಯಲ್ಲಿ ಸಿವಿ 30ಕ್ಕೆ 2. ಆದ ಮೇಲೆ ಎಂಜಿನ್ನಿನ ವಿಳಾಸ, ಅಂದರೆ ರಿಮೋಟಿನಲ್ಲಿ ಅದನ್ನು ಕರೆಯುವ ಸಂಖ್ಯೆ, 3ಕ್ಕೆ ಇಳಿಯುತ್ತದೆ. ನಾಲ್ಕು ಎಂಜಿನ್‌ಗಳಿಗೆ ಹೀಗೆ ಮಾಡಿ ಹಳಿಯ ಮೇಲಿಟ್ಟರೆ 3ನ್ನು ಒತ್ತಿದಾಗ ನಾಲ್ಕೂ ಒಟ್ಟಿಗೆ ಹೊರಡುತ್ತವೆ.

ರಿಸ್ಟೋರ್‌ಗೆ ‘ಬ್ಯಾಕಪ್ ವಾಪಸ್ ಹಾಕು’ ಅನ್ನಿ. ಆಡುಮಾತಿನಲ್ಲಿ ಇರುವುದೂ ಅದೇ, ‘ವಾಪಸ್’ಗೆ ಒಂದೇ ದಿಕ್ಕು. ರಿಸೆಟ್‌ಗೆ ‘ಕಾರ್ಖಾನೆ ಸ್ಥಿತಿಗೆ ತರು’. ಉದ್ದವಾಯಿತು ಎಂದು ಮೊಟಕು ಮಾಡಬೇಡಿ. ಅಪಾಯದ ಗುಂಡಿಗೆ ಉದ್ದ ಹೆಸರೇ ಒಳ್ಳೆಯದು. ‘ಬ್ಯಾಕಪ್ ತೆಗೆ’ ಎಂಬುದನ್ನು ‘ಫೋಟೋ ತೆಗೆ’ಯ ಹಾಗೆ ಎಲ್ಲರೂ ಆಡುತ್ತಾರೆ, ಆದರೆ ಬರಹದಲ್ಲಿ ‘ತೆಗೆದುಕೊಳ್ಳಿ’ ಎಂದು ಪೂರ್ತಿ ಬರೆಯಿರಿ. ಇಲ್ಲವಾಗಿಸುವುದಕ್ಕೆ ‘ಅಳಿಸಿ’ ಒಂದೇ ಸಾಕು.

‘ನಿಯಂತ್ರಕ’ದ ವಿಷಯ ಬರೀ ಪದದ್ದಲ್ಲ. ಯಾವ ಮಾಹಿತಿ ಎಲ್ಲಿ ಕೂತಿದೆ ಎಂಬುದನ್ನೇ ಅದು ಮರೆಮಾಡುತ್ತದೆ. ವಿಳಾಸ, ವೇಗ, ದೀಪಗಳ ಹೊಂದಾಣಿಕೆ ಇರುವುದು ಡಿಕೋಡರಿನ ಸಿವಿಗಳಲ್ಲಿ. ಜೋಡಿ ಎಂಜಿನ್‌ಗಳ (ಒಟ್ಟಿಗೆ ಓಡುವಂತೆ ಕೂಡಿಸಿದವುಗಳ) ಪಟ್ಟಿ, ಮ್ಯಾಕ್ರೋಗಳು (ಒಟ್ಟಿಗೆ ಕಟ್ಟಿಟ್ಟ ಆಜ್ಞೆಗಳ ಸರಣಿ) ಸಾಮಾನ್ಯವಾಗಿ ಕಮಾಂಡ್ ಸ್ಟೇಷನ್ನಿನಲ್ಲಿ. ಎಷ್ಟೋ ರಿಮೋಟ್‌ಗಳಲ್ಲಿ ಈಚೆಗೆ ಓಡಿಸಿದ ಕೆಲವು ವಿಳಾಸಗಳು ಬಿಟ್ಟರೆ ಬೇರೇನೂ ಇರುವುದಿಲ್ಲ. ಝಡ್21 ಎಂಬ ಕಮಾಂಡ್ ಸ್ಟೇಷನ್ನಿನಲ್ಲಿ ಮತ್ತೊಂದು ಬಗೆ: ಎಂಜಿನ್ ಪಟ್ಟಿ, ಚಿತ್ರಗಳು ಫೋನಿನ ಆಪ್‌ನಲ್ಲಿರುತ್ತವೆ, ಆದ್ದರಿಂದ ಫೋನ್ ಬದಲಿಸುವ ಮುಂಚೆ ಆಪ್‌ನಿಂದ ಕಡತ ಹೊರತೆಗೆದಿಡಬೇಕು. ‘ನಿಯಂತ್ರಕದ ಬ್ಯಾಕಪ್’ ಎಂದು ಬರೆದರೆ ಓದುಗರು ಈ ಮೂರರಲ್ಲಿ ಒಂದನ್ನು ಉಳಿಸಿ ಎಲ್ಲವೂ ಉಳಿಯಿತು ಅಂದುಕೊಳ್ಳುತ್ತಾರೆ. ‘ರಿಮೋಟ್’, ‘ಕಮಾಂಡ್ ಸ್ಟೇಷನ್’, ‘ಡಿಕೋಡರ್’ ಎಂದೇ ಇಡಿ.

ಪ್ರಶ್ನೆ:

ಡಿಕೋಡರಿಗೆ ವಾಪಸ್ ಹಾಕುವ ಅಧ್ಯಾಯದಲ್ಲಿ ‘ಓದು’, ‘ಬರೆ’ ಎಂಬ ಕ್ರಿಯಾಪದಗಳು ಪುಟತುಂಬ ಬರುತ್ತವೆ. ಯಾರು ಯಾರನ್ನು ಓದುವುದು ಎಂಬ ಗೊಂದಲ ಬರುವುದಿಲ್ಲವೇ? ‘ಇಳಿಸು’, ‘ಏರಿಸು’ ಸರಿಹೋದೀತೇ?

ಉತ್ತರ 2:

ಇಳಿಸು, ಏರಿಸು ಬೇಡ. ಕಂಪ್ಯೂಟರ್ ಮೇಲೋ ಎಂಜಿನ್ ಮೇಲೋ ಎಂಬ ಜಗಳ ಮೊದಲಾಗುತ್ತದೆ. ‘ಓದು’, ‘ಬರೆ’ ಇರಲಿ, ವಿಭಕ್ತಿಯನ್ನು ಮಾತ್ರ ನುಂಗಬೇಡಿ: ‘ಡಿಕೋಡರಿನಿಂದ ಓದಿ’, ‘ಡಿಕೋಡರಿಗೆ ಬರೆಯಿರಿ’. ‘-ಇಂದ’, ‘-ಗೆ’ ಇದ್ದರೆ ದಿಕ್ಕು ತಾನಾಗಿ ಗೊತ್ತಾಗುತ್ತದೆ.

ಜೆಎಂಆರ್‌ಐ ತಂತ್ರಾಂಶದ ಡಿಕೋಡರ್‌ಪ್ರೊವನ್ನೇ (ಕಂಪ್ಯೂಟರಿನಿಂದ ಸಿವಿ ಓದಿ ಬರೆಯುವ ಭಾಗ) ವಿವರಿಸುವುದಾದರೆ ಇನ್ನೊಂದು ಜಾಗ ಎಚ್ಚರ. ಅಲ್ಲಿ ‘ಎಲ್ಲವನ್ನೂ ಬರೆ’ ಎಂಬ ಗುಂಡಿ ಬೇರೆ, ‘ಬದಲಾದದ್ದನ್ನು ಬರೆ’ ಎಂಬ ಗುಂಡಿ ಬೇರೆ. ಉಳಿಸಿದ ಕಡತವನ್ನು ತೆರೆದಾಗ ಖಾನೆಗಳು ಹಳದಿಯಾಗಿರುತ್ತವೆ; ಕೈಯಾರೆ ತಿದ್ದಿದವು ಮಾತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಹೊಸ ಡಿಕೋಡರ್ ಹಾಕಿ ‘ಬದಲಾದದ್ದನ್ನು ಬರೆ’ ಒತ್ತಿದರೆ ಕಿತ್ತಳೆ ಖಾನೆ ಒಂದೂ ಇಲ್ಲದ ಕಾರಣ ಏನೂ ಹೋಗುವುದಿಲ್ಲ. ‘ಬದಲಾದದ್ದನ್ನು’ ಎಂಬುದನ್ನು ‘ತಿದ್ದಿದ್ದನ್ನು ಮಾತ್ರ’ ಎಂದು ಬರೆದರೆ ಈ ಮೋಸ ತಪ್ಪುತ್ತದೆ.

ಕ್ರಮ ಹೀಗಿರಲಿ. ಪ್ರೋಗ್ರಾಮಿಂಗ್ ಹಳಿಯ (ಡಿಕೋಡರಿಗೆ ಬರೆಯಲೆಂದೇ ಬೇರೆಯಾಗಿಟ್ಟ ಹಳಿಯ ತುಂಡಿನ) ಮೇಲೆ ಆ ಒಂದೇ ಎಂಜಿನ್ ಇರಬೇಕು. ಗಾಲಿ, ಹಳಿ ಒರೆಸಿ. ಮೊದಲು ಸಿವಿ 8 ಮತ್ತು ಸಿವಿ 7 ಓದಿ: ಒಂದು ತಯಾರಕರ ಸಂಖ್ಯೆ, ಇನ್ನೊಂದು ಆವೃತ್ತಿ. ಇವು ಕಡತದಲ್ಲಿರುವುದಕ್ಕೆ ತಾಳೆಯಾಗದಿದ್ದರೆ ಎಲ್ಲವನ್ನೂ ಬರೆಯಬೇಡಿ. ಮೂಲ ಸಿವಿಗಳು ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ, ದೀಪ ಮತ್ತು ಸದ್ದಿನ ಸಿವಿಗಳು ತಯಾರಕರಿಂದ ತಯಾರಕರಿಗೆ ಬೇರೆ. ತಾಳೆಯಾದರೆ ಎಲ್ಲವನ್ನೂ ಬರೆದು, ಕೊನೆಗೆ ಸಿವಿ 1, 17, 18, 29 ಇಷ್ಟನ್ನಾದರೂ ತಿರುಗಿ ಓದಿ.

ಈ ನಾಲ್ಕೇ ಯಾಕೆ ಎಂದರೆ, ದೊಡ್ಡ ವಿಳಾಸ ಎರಡು ಸಿವಿಗಳಲ್ಲಿ ಒಡೆದು ಕೂತಿರುತ್ತದೆ. ಉದಾಹರಣೆಗೆ ವಿಳಾಸ 4072 ಆದರೆ, ಅದನ್ನು 256ರಿಂದ ಭಾಗಿಸಿದರೆ 15, ಶೇಷ 232. ಸಿವಿ 17ಕ್ಕೆ 192 + 15 = 207, ಸಿವಿ 18ಕ್ಕೆ 232. ಇದಿಷ್ಟು ಸರಿಯಿದ್ದೂ ಸಿವಿ 29ರಲ್ಲಿ 32 ಸೇರಿರದಿದ್ದರೆ ಎಂಜಿನ್ 4072ಕ್ಕೆ ಓಗೊಡದೆ ಸಿವಿ 1ರಲ್ಲಿರುವ ಚಿಕ್ಕ ವಿಳಾಸಕ್ಕೆ ಓಡುತ್ತದೆ. 28 ಅಥವಾ 128 ವೇಗದ ಹಂತಗಳಿಗೆ 2, ದೊಡ್ಡ ವಿಳಾಸಕ್ಕೆ 32, ಒಟ್ಟು 34. ಸಾದಾ ಡಿಸಿ ಹಳಿಯಲ್ಲೂ ಓಡಬೇಕಾದರೆ 4 ಸೇರಿಸಿ 38.

ಓದುವಾಗ ‘ಉತ್ತರವಿಲ್ಲ’ ಎಂದು ಬಂದರೆ ಡಿಕೋಡರ್ ಸತ್ತಿದೆ ಎಂದು ಅನುವಾದಿಸಬೇಡಿ. ಡಿಕೋಡರ್ ಹೂಂಗುಟ್ಟುವುದು ಸುಮಾರು 6 ಮಿಲಿಸೆಕೆಂಡ್ ಹೊತ್ತು ಕನಿಷ್ಠ 60 ಮಿಲಿಆಂಪಿಯರ್ ಹೆಚ್ಚು ವಿದ್ಯುತ್ ಎಳೆದು, ಸಾಮಾನ್ಯವಾಗಿ ಮೋಟಾರನ್ನು ಮಿಡಿಸಿ. ಮೋಟಾರಿನ ತಂತಿ ಬಿಟ್ಟಿದ್ದರೆ, ಗಾಲಿ ಕೊಳೆಯಾಗಿದ್ದರೆ, ಇಲ್ಲವೇ ದೊಡ್ಡ ಕೆಪಾಸಿಟರ್ ಇದ್ದು ಅದು ತುಂಬಿಕೊಳ್ಳುವಾಗಲೇ ವಿದ್ಯುತ್ ಎಳೆಯುತ್ತಿದ್ದರೆ ಆ ಹೂಂಕಾರ ಸ್ಟೇಷನ್ನಿಗೆ ತಿಳಿಯುವುದಿಲ್ಲ. ಬರೆದದ್ದು ಎಷ್ಟೋ ಸಲ ಹೋಗಿಯೇ ಇರುತ್ತದೆ, ಖಾತರಿ ಮಾತ್ರ ಸಿಗುವುದಿಲ್ಲ. ‘ದೃಢೀಕರಣ ಬರಲಿಲ್ಲ’ ಎಂದರೆ ಸರಿ.

ಸಿವಿ 257ರಿಂದ 512ರ ವರೆಗಿನವಕ್ಕೆ ಒಂದು ಸಾಲು ಟಿಪ್ಪಣಿ ಬೇಕೇಬೇಕು. ಅವು ಪುಟ ತಿರುವಿದಂತೆ ಬದಲಾಗುವ ಖಾನೆಗಳು. ಯಾವ ಪುಟ ಎಂದು ಹೇಳುವುದು ಸಿವಿ 31 ಮತ್ತು 32. ಪುಟದ ಸಂಖ್ಯೆ ಬರೆದುಕೊಳ್ಳದೆ ಮೌಲ್ಯವನ್ನಷ್ಟೇ ಉಳಿಸಿದರೆ ಬ್ಯಾಕಪ್ ಇದ್ದೂ ಇಲ್ಲದಂತೆ. ಸದ್ದಿನ ಧ್ವನಿಕಡತಗಳಂತೂ ಸಿವಿ ಬ್ಯಾಕಪ್‌ನಲ್ಲಿ ಬರುವುದೇ ಇಲ್ಲ. ಅದರಲ್ಲಿ ಬರುವುದು ಸದ್ದಿನ ಮಟ್ಟದಂಥ ಸಂಖ್ಯೆಗಳು ಮಾತ್ರ. ‘ಪೂರ್ಣ ಬ್ಯಾಕಪ್’ ಎಂಬ ಶೀರ್ಷಿಕೆ ಕರಡಿನಲ್ಲಿದ್ದರೆ ‘ಸಿವಿ ಬ್ಯಾಕಪ್’ ಎಂದು ಮಾಡಿ.

ಉತ್ತರ 1:

ಉತ್ತರ 2ಕ್ಕೆ ಒಪ್ಪಿಗೆ, ‘ಹೂಂಗುಟ್ಟು’ವುದಕ್ಕಂತೂ ಎರಡು ಸಲ. ‘ಕನ್ಸಿಸ್ಟ್’ಗೆ ಕರಡಿನಲ್ಲಿ ‘ಸಂಯೋಜನೆ’ ಎಂದಿದ್ದರೆ ‘ಜೋಡಿ ಎಂಜಿನ್’ ಮಾಡಿ, ಮೂರಿದ್ದರೂ ಜೋಡಿಯೇ ಇರಲಿ. ಎನ್‌ಸಿಇ ಸ್ಟೇಷನ್ನಿನ ಜೋಡಿ ಪಟ್ಟಿಯನ್ನೂ ಮ್ಯಾಕ್ರೋಗಳನ್ನೂ ಜೆಎಂಆರ್‌ಐ ಕಡತವಾಗಿ ಉಳಿಸಿ ವಾಪಸ್ ಹಾಕಬಲ್ಲದು. ಆದರೆ ಜೋಡಿಯ ವಿಳಾಸ ಡಿಕೋಡರಿನ ಸಿವಿ 19ರಲ್ಲೂ ಇರುತ್ತದೆ, ಎಂಜಿನ್ ಹಿಮ್ಮುಖವಾಗಿ ಜೋಡಿಸಿದ್ದರೆ ಅದಕ್ಕೆ 128 ಕೂಡಿರುತ್ತದೆ. ಸ್ಟೇಷನ್ನಿನ ನೆನಪು ಅಳಿದರೂ ಸಿವಿ 19 ಅಳಿಯುವುದಿಲ್ಲ. ಆಗ ಸ್ವಂತ ವಿಳಾಸ ಒತ್ತಿದರೆ ಎಂಜಿನ್ ಜಗ್ಗುವುದೇ ಇಲ್ಲ, ಓದುಗರು ಬ್ಯಾಕಪ್ಪನ್ನು ಬೈಯುತ್ತಾರೆ. ಸಿವಿ 19ಕ್ಕೆ 0 ಬರೆದು ಜೋಡಿ ಬಿಡಿಸುವ ಹೆಜ್ಜೆಯನ್ನು ‘ವಾಪಸ್ ಹಾಕುವ ಮುನ್ನ’ ಎಂಬ ಭಾಗದಲ್ಲೇ ಸೇರಿಸಿಬಿಡಿ.