ದಿನಾ ಬರೆಯಬೇಕು ಅಂತ ಇದ್ದೇನೆ, ಒಂದು ದಿನ ತಪ್ಪಿದರೆ ಏನು ಮಾಡೋದು?

ಪ್ರಶ್ನೆ:
ಪ್ರತಿದಿನ ಒಂದು ಪುಟ ಬರೆಯುತ್ತೇನೆ ಅಂತ ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೇನೆ. ಇದು ನನಗೆ ನಿಜಕ್ಕೂ ಮುಖ್ಯ. ಆದರೆ ಕೆಲಸ ಜಾಸ್ತಿಯಾಗಿ ಒಂದು ದಿನ ತಪ್ಪಿದರೆ ಸಾಕು, ಎಲ್ಲಾ ಕೆಟ್ಟುಹೋಯಿತು ಅನ್ನಿಸಿ ಆಮೇಲೆ ವಾರಗಟ್ಟಲೆ ಪೆನ್ನು ಮುಟ್ಟುವುದೇ ಇಲ್ಲ. 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತದೆ ಅಂತಾರಲ್ಲ, ನಿಜಾನಾ?

ಉತ್ತರ 1:
ಆ 21ರ ಲೆಕ್ಕ ಮೊದಲು ಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕೆಲಸ ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಸುಮಾರು 66 ದಿನ ಬೇಕು, ಅದೂ ಒಬ್ಬೊಬ್ಬರಿಗೆ ಒಂದೊಂದು ಥರ, 18ರಿಂದ 254 ದಿನದವರೆಗೆ (12 ವಾರ ದಾಟಿದ ಲೆಕ್ಕ ಅವರ ಅಂದಾಜು). ನಿಮಗೆ ಮುಖ್ಯವಾದದ್ದು ಇದು: ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಮರುದಿನ ಸುಮ್ನೆ ಕೂತು ಬರೆಯಿರಿ, ಅಷ್ಟೇ.

ಉತ್ತರ 2:
"ದಿನಾ ಬರೀತೀನಿ" ಅಂದರೆ ಸಾಲದು. ಯಾವಾಗ, ಎಲ್ಲಿ? "ಬೆಳಗ್ಗೆ ಹಲ್ಲುಜ್ಜಿದ ಕೂಡಲೇ ಮೇಜಿನ ಮುಂದೆ ಕೂರುತ್ತೇನೆ" ಅಂತ ಈಗಾಗಲೇ ಮಾಡುವ ಕೆಲಸಕ್ಕೆ ಗಂಟು ಹಾಕಿ.

ಉತ್ತರ 3:
ಒಂದು ದಿನ ತಪ್ಪಿದರೆ ಪರವಾಗಿಲ್ಲ ಅನ್ನುವುದು ಸರಿ, ಆದರೆ ಅದನ್ನೇ ನೆಪ ಮಾಡಿಕೊಳ್ಳಬಾರದು ಅಲ್ವಾ? ತೀರಾ ಸುಸ್ತಾದ ದಿನಕ್ಕೆ ಎರಡು ಸಾಲು ಅಂತ ಮೊದಲೇ ಇಟ್ಟುಕೊಳ್ಳಿ. ಜ್ವರ ಬಂದರೆ ಮಾತ್ರ ಅದಕ್ಕೂ ರಜೆ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ. ನಾಳೆ ಬೆಳಗ್ಗೆಯಿಂದಲೇ ಶುರು ಮಾಡುತ್ತೇನೆ, ಸುಸ್ತಾದ ದಿನ ಎರಡೇ ಸಾಲು.